ಅಮೂರ್ತ ಚಿತ್ರಕ್ಕೆ ಪ್ರಕೃತಿ ಕೊಡುವುದೇನು?

ನನ್ನ ಚಿತ್ರಗಳ ಮುಂದೆ ನಿಂತವರು ಜಾಸ್ತಿ ಕೇಳುವ ಪ್ರಶ್ನೆ, "ಇದರಲ್ಲಿ ಏನಿದೆ?" ಪ್ರಕೃತಿಯೇ ಇದಕ್ಕೆ ಮೂಲ ಅಂದ ಕೂಡಲೇ ಅವರ ಕಣ್ಣು ಗುಡ್ಡ, ಹೊಳೆ, ಮರ ಹುಡುಕಲು ಹೊರಡುತ್ತದೆ. ಯಾವುದೂ ಸಿಗುವುದಿಲ್ಲ. ಹಾಗಾದರೆ ಪ್ರಕೃತಿಯಿಂದ ಬಂದದ್ದಾದರೂ ಏನು? ನ್ಯಾಯವಾದ ಪ್ರಶ್ನೆ ಅಲ್ವಾ?

ನಾನು ತೆಗೆದುಕೊಳ್ಳುವುದು ವಸ್ತುಗಳ ನಡುವಿನ ಸಂಬಂಧವನ್ನು. ಎಷ್ಟು ಕತ್ತಲಿನ ಪಕ್ಕ ಎಷ್ಟು ಬೆಳಕಿದೆ, ಒರಟಿಗೆ ತಾಗಿ ಎಷ್ಟು ನುಣುಪಿದೆ, ಒಂದು ಬಣ್ಣ ಎಲ್ಲಿ ಮುಗಿದು ಇನ್ನೊಂದು ಹೇಗೆ ಶುರುವಾಗುತ್ತದೆ. ಅದರಲ್ಲೂ ಅಂಚುಗಳು. ಚಿತ್ರದ ಜೀವ ಅಲ್ಲೇ ಇರುತ್ತದೆ ಅಂತ ನಾನು ನಂಬಿದ್ದೇನೆ.

ಬಂಡೆಯ ಮೇಲೆ ಬೆಳೆಯುವ ಕಲ್ಲುಹೂವನ್ನೇ ನೋಡಿ. ದೂರದಿಂದ ಅದು ಸುಮ್ನೆ ಒಂದು ಬೂದು ಮಚ್ಚೆ. ಮೂಗು ತಾಗುವಷ್ಟು ಹತ್ತಿರ ಹೋದರೆ ಬೇರೆಯೇ ಲೋಕ. ಎಷ್ಟೋ ಕಡೆ ಅಂಚು ತೆಳ್ಳಗೆ, ತಿಳಿಯಾಗಿರುತ್ತದೆ. ನಡುಭಾಗ ಒರಟಾಗಿ, ಅಲ್ಲಲ್ಲಿ ಉದುರಿ, ಒಳಗಿನ ಕಲ್ಲು ಇಣುಕುತ್ತಿರುತ್ತದೆ. ಅದು ನಡುವಿನಿಂದ ಹೊರಕ್ಕೆ ಬೆಳೆಯುವ ಜೀವ, ಅನೇಕ ಜಾತಿಗಳಲ್ಲಿ ವರ್ಷಕ್ಕೆ ಕೆಲವೇ ಮಿಲಿಮೀಟರ್. ಹಾಗಾಗಿ ಅಂಚಿನಲ್ಲಿರುವುದು ಹೊಸತು, ನಡುವೆ ಇರುವುದು ಹಳತು. ಕೆಲವು ಜಾತಿಗಳಲ್ಲಿ ಎರಡು ಮಚ್ಚೆಗಳು ಬೆಳೆಯುತ್ತಾ ಒಂದಕ್ಕೊಂದು ಎದುರಾದಾಗ ನಡುವೆ ಸಣ್ಣ ಕಪ್ಪು ಗೆರೆ ಮೂಡುತ್ತದೆ. ಯಾರೂ ಎಳೆಯದ ಗೆರೆ ಅದು. ಎರಡು ಬೆಳವಣಿಗೆಗಳು ಒಂದನ್ನೊಂದು ತಡೆದ ಗುರುತು.

ನನಗೆ ಕ್ಯಾನ್ವಾಸಿನಲ್ಲಿ ಬೇಕಾದದ್ದು ಆ ಗೆರೆ. ಕಪ್ಪು ಬಣ್ಣ ಅದ್ದಿ ಬ್ರಷ್‌ನಲ್ಲಿ ಎಳೆದರೆ ಅದು ಬರುವುದಿಲ್ಲ, ಬರೀ ಗೆರೆಯಾಗಿ ಮೇಲೆ ಕೂತಿರುತ್ತದೆ. ಹಾಗಾಗಿ ಮೊದಲು ಇಡೀ ಕ್ಯಾನ್ವಾಸಿಗೆ ಗಾಢ ತಳಬಣ್ಣ ಹಚ್ಚುತ್ತೇನೆ. ಟ್ಯೂಬಿನ ಕಪ್ಪು ಹಾಕುವುದಿಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಬೆರೆಸಿದರೆ ಉಸಿರಾಡುವಂಥ ಕಪ್ಪು ಸಿಗುತ್ತದೆ, ನೀಲಿ ಜಾಸ್ತಿಯಾದರೆ ತಂಪಿಗೆ ವಾಲುತ್ತದೆ, ಕಂದು ಜಾಸ್ತಿಯಾದರೆ ಬೆಚ್ಚಗಾಗುತ್ತದೆ. ಅದು ಒಣಗಿದ ಮೇಲೆ ಎರಡು ಕಡೆಯಿಂದ ಎರಡು ಬಣ್ಣ ತಳ್ಳುತ್ತಾ ಬರುತ್ತೇನೆ. ಅವು ಸೇರುವ ಮೊದಲೇ ಕೈ ನಿಲ್ಲಿಸಿದರೆ ನಡುವೆ ಉಳಿಯುವ ತಳಬಣ್ಣವೇ ಗೆರೆಯಾಗುತ್ತದೆ. ಕಲ್ಲುಹೂವಿನ ಚಿತ್ರ ಇದಲ್ಲ, ಅದರ ಬೆಳವಣಿಗೆಯ ರೀತಿ.

ಹೊರಗೆ ಹೋದಾಗ ನಾನು ಬಿಡಿಸುವುದು ಕಡಿಮೆ. ಕಣ್ಣು ಅರ್ಧ ಮುಚ್ಚಿ ನೋಡುತ್ತೇನೆ, ಆಗ ವಿವರಗಳೆಲ್ಲ ಕರಗಿ ಬೆಳಕು ಕತ್ತಲಿನ ದೊಡ್ಡ ದೊಡ್ಡ ಭಾಗಗಳು ಮಾತ್ರ ಉಳಿಯುತ್ತವೆ. ಸ್ಕೆಚ್ ಪುಸ್ತಕದಲ್ಲಿ ಅವನ್ನಷ್ಟೇ ಗುರುತು ಮಾಡಿ ಪಕ್ಕದಲ್ಲಿ ಎರಡು ಮಾತು ಬರೆದುಕೊಳ್ಳುತ್ತೇನೆ. ಫೋಟೊ ತೆಗೆಯುವುದಿಲ್ಲ. ಕ್ಯಾಮೆರಾ ಬೇಕಾದದ್ದು ಬೇಡದ್ದು ಎಲ್ಲವನ್ನೂ ಉಳಿಸಿಕೊಡುತ್ತದೆ, ನನ್ನ ಕೆಲಸಕ್ಕೆ ಮರೆವು ಬೇಕು. ವಾರಗಟ್ಟಲೆ ಬಿಟ್ಟ ಮೇಲೆ ನೆನಪಿನಲ್ಲಿ ಉಳಿದದ್ದೇ ನಿಜವಾಗಿ ನನ್ನನ್ನು ತಟ್ಟಿದ್ದು.

1952ರಲ್ಲಿ ಅಮೆರಿಕದ ಅಮೂರ್ತ ಕಲಾವಿದೆ ಹೆಲೆನ್ ಫ್ರಾಂಕೆಂಥಾಲರ್ ಮಾಡಿದ್ದೂ ಹೆಚ್ಚುಕಡಿಮೆ ಇದೇ. ಕೆನಡಾದ ನೋವಾ ಸ್ಕೋಷಿಯಾದ ಕಡಲತೀರ ಸುತ್ತಿ ನ್ಯೂಯಾರ್ಕಿಗೆ ಮರಳಿದ ಮೇಲೆ ಅವರು 'ಮೌಂಟನ್ಸ್ ಅಂಡ್ ಸೀ' ಬಿಡಿಸಿದರು. ಆಗ ಅವರಿಗೆ 23 ವರ್ಷ. ಟರ್ಪೆಂಟೈನ್ ಬೆರೆಸಿ ನೀರಾಗಿಸಿದ ಎಣ್ಣೆಬಣ್ಣವನ್ನು ನೆಲಕ್ಕೆ ಹಾಸಿದ ಕ್ಯಾನ್ವಾಸಿನ ಮೇಲೆ ಸುರಿದರು. ಬಟ್ಟೆಗೆ ಯಾವ ಲೇಪವೂ ಇರಲಿಲ್ಲವಾದ್ದರಿಂದ ಬಣ್ಣ ನೂಲಿನೊಳಗೇ ಇಂಗಿತು. ನೋಡಿದ್ದನ್ನು ತಿದ್ದಿ ತೀಡಿ ನಕಲು ಮಾಡಿದ್ದರೆ ಆ ಹರಿವು ಬರುತ್ತಿರಲಿಲ್ಲ.

ಡಚ್ ಕಲಾವಿದ ಪೀಟ್ ಮೋಂಡ್ರಿಯಾನ್ ದಾರಿ ಬೇರೆ. 1908ರ ಸುಮಾರಿಗೆ ಶುರುವಾದ ಅವರ ಮರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕು. ಮೊದಮೊದಲು ಕೆಂಪಗೆ ಉರಿಯುವ ಮರ, ಕೊಂಬೆ, ಬುಡ ಎಲ್ಲ ಇದೆ. 1911ರ ಬೂದು ಮರದಲ್ಲಿ ಕೊಂಬೆಗಳಷ್ಟೇ ತೂಕ ಕೊಂಬೆಗಳ ನಡುವಿನ ಜಾಗಕ್ಕೂ ಬಂದಿದೆ. 1912ರ ಹೂಬಿಟ್ಟ ಸೇಬಿನ ಮರದಲ್ಲಿ ಬಾಗಿದ ಗೆರೆಗಳು ಉಳಿದಿವೆ, ಮರ ಹೆಚ್ಚೂಕಡಿಮೆ ಹೋಗಿಬಿಟ್ಟಿದೆ. ಮರವನ್ನು ಇಷ್ಟು ಆಳವಾಗಿ ನೋಡದವರಿಗೆ ಅದನ್ನು ಹೀಗೆ ಬಿಟ್ಟುಕೊಡಲು ಸಾಧ್ಯವೇ ಇಲ್ಲ. ಕಲಿಯುವವರಿಗೆ ನಾನು ಮೊದಲು ತೋರಿಸುವುದು ಈ ಮೂರು ಚಿತ್ರಗಳನ್ನೇ. ಬಣ್ಣ ಎರಚಿ 'ಕಾಡು' ಅಂತ ಹೆಸರಿಟ್ಟರೆ ಕಾಡು ಬರುವುದಿಲ್ಲ.

ಸ್ಟುಡಿಯೊದಲ್ಲಿ ಕೆಲಸ ಮುಂದುವರಿದಂತೆ ಪ್ರಕೃತಿ ಹಿಂದೆ ಸರಿಯುತ್ತದೆ, ಕ್ಯಾನ್ವಾಸ್ ಮಾತಾಡಲು ಶುರು ಮಾಡುತ್ತದೆ. ಹಾಕಿದ ಒಂದು ಹಳದಿ ಇನ್ನೆಲ್ಲೋ ಒಂದು ಬೂದು ಕೇಳುತ್ತದೆ. ಸಾಮಗ್ರಿಗೂ ಅದರದೇ ಹಟವಿದೆ. ಅಕ್ರಿಲಿಕ್ ತೆಳುವಾಗಿ ಹಚ್ಚಿದರೆ ನಿಮಿಷಗಳಲ್ಲಿ ಒಣಗುತ್ತದೆ, ಒಣಗಿದಾಗ ತುಸು ಗಾಢವಾಗುತ್ತದೆ, ಅದನ್ನು ಮೊದಲೇ ಲೆಕ್ಕ ಹಾಕಿ ಬೆರೆಸಬೇಕು. ಎಣ್ಣೆಬಣ್ಣ ದಿನಗಟ್ಟಲೆ ಹಸಿಯಾಗಿರುತ್ತದೆ. ಅಲ್ಲಿ ಕೆಳಗಿನ ಪದರಕ್ಕಿಂತ ಮೇಲಿನದರಲ್ಲಿ ಎಣ್ಣೆ ಹೆಚ್ಚಿರಬೇಕು, ಇಲ್ಲದಿದ್ದರೆ ಮುಂದೆ ಬಿರುಕು ಬಿಡುತ್ತದೆ. ಹಾಗಾಗಿ ಎಣ್ಣೆಯಲ್ಲಿ ಯಾವ ಪದರ ಮೊದಲು ಅನ್ನುವುದನ್ನು ಆತುರದಲ್ಲಿ ತೀರ್ಮಾನಿಸಲು ಆಗುವುದಿಲ್ಲ.

ಮುಗಿಯಿತೋ ಇಲ್ಲವೋ ಅನ್ನುವುದೇ ಕಷ್ಟದ ಪ್ರಶ್ನೆ. ನಾನು ಮೊದಲು ಕ್ಯಾನ್ವಾಸನ್ನು ತಲೆಕೆಳಗು ಮಾಡಿಟ್ಟು ನೋಡುತ್ತೇನೆ. ಆಮೇಲೆ ಒಂದು ಕಾಗದದ ತುಂಡಿನಿಂದ ಒಂದೊಂದೇ ಭಾಗ ಮುಚ್ಚುತ್ತಾ ಹೋಗುತ್ತೇನೆ. ಮುಚ್ಚಿದರೂ ಪಕ್ಕದ ಬಣ್ಣಗಳಿಗೆ ಏನೂ ಆಗಲಿಲ್ಲ ಅಂದರೆ ಆ ಭಾಗ ಅಲ್ಲಿ ಬೇಕಾಗಿಲ್ಲ. ಎಷ್ಟು ಚೆನ್ನಾಗಿ ಬಂದಿದ್ದರೂ ಸರಿ, ಪ್ಯಾಲೆಟ್ ನೈಫ್ ತೆಗೆದುಕೊಂಡು ತಳಬಣ್ಣದವರೆಗೂ ಕೆರೆದುಬಿಡುತ್ತೇನೆ.