ಉಗುರು ಬೆಳ್ಳಗಾದರೆ ಬೀಗ ಬಿಡುವುದಿಲ್ಲ

ಬೀಗದ ಕೈ ಇಲ್ಲದೆ ಬೀಗ ತೆಗೆಯಲು ಕಲಿಯಬೇಕು ಅಂತ ಬಂದವರ ಎದುರು ಕೂತಾಗ ನಾನು ಬೀಗವನ್ನು ನೋಡುವುದಿಲ್ಲ. ಅವರ ತೋರುಬೆರಳಿನ ಉಗುರು ನೋಡುತ್ತೇನೆ. ಟೆನ್ಷನ್ ಕಡ್ಡಿಯನ್ನು, ಅಂದರೆ ಬೀಗ ತಿರುಗಿಸಲು ಕೀಲಿಯ ಬದಲು ಸಿಕ್ಕಿಸುವ ಬಾಗಿದ ಕಡ್ಡಿಯನ್ನು, ಒತ್ತಿ ಹಿಡಿಯುವ ಬೆರಳು ಅದು. ಉಗುರಿನ ತುದಿ ಬೆಳ್ಳಗಾಗಿದೆಯೋ, ಮುಗೀತು. ಆ ಬೀಗ ಇವತ್ತು ಬಿಡುವುದಿಲ್ಲ.

"ಸರ್, ಹಗುರವಾಗೇ ಹಿಡ್ಕೊಂಡಿದೀನಿ" ಅನ್ನುತ್ತಾರೆ. ಇಲ್ಲ, ಹಿಡಿದಿರುವುದಿಲ್ಲ.

ಪಿನ್ನು, ಸ್ಪ್ರಿಂಗು, ಉರುಳೆ ಇವೆಲ್ಲದರ ಚಿತ್ರ ನೋಡಿಕೊಂಡೇ ಬಂದಿರುತ್ತಾರೆ. ಅದನ್ನು ನಾನು ಉದ್ದಕ್ಕೆ ಹೇಳುವುದಿಲ್ಲ. ಉರುಳೆ ಅಂದರೆ ಕೀಲಿ ಹೊಕ್ಕು ತಿರುಗುವ ಭಾಗ. ಅದನ್ನು ತಿರುಗದಂತೆ ತಡೆಯುವ ಪುಟ್ಟ ಕಡ್ಡಿಗಳು ಪಿನ್ನು, ಪ್ರತಿಯೊಂದೂ ಮೇಲೆ ಕೆಳಗೆ ಎರಡು ತುಂಡು. ಆ ತುಂಡುಗಳ ನಡುವಿನ ಸಂದು ಉರುಳೆಯ ಅಂಚಿನ ಗೆರೆಗೆ ಬಂದರೆ ಆ ಪಿನ್ ತಡೆಯುವುದಿಲ್ಲ. ಆದರೆ ಆ ಚಿತ್ರಗಳಲ್ಲಿ ಒಂದು ಸುಳ್ಳಿದೆ. ಚಿತ್ರದಲ್ಲಿ ಪಿನ್ನಿನ ತೂತುಗಳೆಲ್ಲ ದಾರ ಹಿಡಿದಂತೆ ಒಂದೇ ಗೆರೆಯಲ್ಲಿ ಇರುತ್ತವೆ. ನಿಜವಾದ ಬೀಗದಲ್ಲಿ ಇರುವುದಿಲ್ಲ. ಯಾವ ಯಂತ್ರವೂ ಐದಾರು ತೂತುಗಳನ್ನು ಅಷ್ಟು ನೇರವಾಗಿ ಕೊರೆಯಲಾರದು. ಒಂದು ಕೂದಲೆಳೆಯಷ್ಟು ಆಚೆ, ಇನ್ನೊಂದು ಈಚೆ. ಹಾಗಾಗಿ ಉರುಳೆಯನ್ನು ಮೆಲ್ಲಗೆ ತಿರುಗಿಸಲು ನೋಡಿದರೆ ಯಾವುದೋ ಒಂದು ಪಿನ್ ಮೊದಲು ಸಿಕ್ಕಿಕೊಳ್ಳುತ್ತದೆ. ಮಿಕ್ಕವು ಸ್ಪ್ರಿಂಗಿನ ಮೇಲೆ ಆರಾಮಾಗಿ ಕುಣಿಯುತ್ತಿರುತ್ತವೆ. ಸಿಕ್ಕಿಕೊಂಡದ್ದನ್ನು ಹುಡುಕಿ, ತುದಿ ಬಾಗಿದ ತೆಳ್ಳನೆ ಕಡ್ಡಿಯಾದ ಪಿಕ್‌ನಿಂದ ಮೇಲೆತ್ತಿದರೆ, ಟಿಕ್ ಅಂತ ಕೂರುತ್ತದೆ. ಉರುಳೆ ಒಂದು ಎಳೆಯಷ್ಟು ತಿರುಗುತ್ತದೆ. ಆಗ ಮುಂದಿನ ಪಿನ್ ಸಿಕ್ಕಿಕೊಳ್ಳುತ್ತದೆ. ಅದೂ ಆದ ಮೇಲೆ ಇನ್ನೊಂದು. ಅಮೆರಿಕದ ಬೀಗ ತಯಾರಕ ಲೈನಸ್ ಯೇಲ್ 1860ರ ದಶಕದಲ್ಲಿ ಪೇಟೆಂಟ್ ಮಾಡಿಸಿದ ಬೀಗದಿಂದ ಇವತ್ತಿನ ಮನೆಬಾಗಿಲ ಬೀಗದವರೆಗೂ ಕಥೆ ಇಷ್ಟೇ.

ಈಗ ಜೋರಾಗಿ ಒತ್ತಿ ನೋಡಿ. ಐದೂ ಪಿನ್ ಒಟ್ಟಿಗೆ ಸಿಕ್ಕಿಕೊಳ್ಳುತ್ತವೆ. ಎಲ್ಲವೂ ಗಟ್ಟಿ. ಮೊದಲನೆಯದು ಯಾವುದು, ಕೊನೆಯದು ಯಾವುದು? ಗೊತ್ತಾಗುವುದಿಲ್ಲ. ಗೊತ್ತಾಗಲಿಲ್ಲ ಅಂತ ಪಿಕ್ಕನ್ನೂ ಜೋರಾಗಿ ತಿವಿಯುತ್ತಾರೆ. ಪಿನ್ ನಿಲ್ಲಬೇಕಾದ ಗೆರೆ ದಾಟಿ ಮೇಲೆ ಹೋಗಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಪಿಕ್ ಬಾಗುತ್ತದೆ. ಆಮೇಲೆ "ಈ ಬೀಗ ಸರಿ ಇಲ್ಲ ಸರ್".

ಇಷ್ಟು ಹೇಳಿದರೂ ತಲೆಗೆ ಹೋಗದವರಿಗೆ ನಾನು ಚಿಲಕ ತೋರಿಸುತ್ತೇನೆ. ಬಾಗಿಲನ್ನು ಭುಜದಿಂದ ಬಲವಾಗಿ ತಳ್ಳಿಕೊಂಡು ಚಿಲಕ ಸರಿಸಿ ನೋಡಿ. ಅಲ್ಲಾಡುವುದಿಲ್ಲ. ಭುಜ ಸ್ವಲ್ಪ ಸಡಿಲ ಬಿಡಿ, ಜಾರಿಕೊಂಡು ಬರುತ್ತದೆ. ಪಿನ್ನು ಅಂದರೆ ಅದೇ ಚಿಲಕ, ಬರೀ ಸಣ್ಣದು.

ಜನ ಯಾಕೆ ಒತ್ತುತ್ತಾರೆ ಅಂತ ನನಗೂ ಗೊತ್ತು. ಕೈ ಬಿಟ್ಟರೆ ಕೂತ ಪಿನ್ನುಗಳೆಲ್ಲ ಬಿದ್ದುಹೋಗುತ್ತವೆ ಅನ್ನುವ ಭಯ. ಭಯ ಸುಳ್ಳಲ್ಲ, ಪೂರ್ತಿ ಬಿಟ್ಟರೆ ಬೀಳುತ್ತವೆ. ಆದರೆ ಬೀಳದೆ ಇರಲು ಬೇಕಾದ ಒತ್ತಡ ನೀವು ಅಂದುಕೊಂಡದ್ದಕ್ಕಿಂತ ಬಹಳ ಕಮ್ಮಿ. ಕೀಬೋರ್ಡಿನ ಗುಂಡಿ ಒತ್ತುತ್ತೀರಲ್ಲ, ಸುಮಾರು ಅಷ್ಟರಿಂದ ಶುರು ಮಾಡಿ. ಎಲ್ಲ ಬೀಗಕ್ಕೂ ಇದೇ ಅಳತೆ ಅಂತ ನಾನು ಹೇಳಲಾರೆ. ಧೂಳು ತುಂಬಿದ, ಸ್ಪ್ರಿಂಗ್ ಬಿಗಿಯಾದ ಬೀಗ ಸ್ವಲ್ಪ ಜಾಸ್ತಿ ಕೇಳಬಹುದು. ಆದರೂ ಕಮ್ಮಿಯಿಂದ ಮೇಲಕ್ಕೆ ಹೋಗಿ.

ಸ್ಪೂಲ್ ಪಿನ್ ಇರುವ ಬೀಗ ಬಂದಾಗ ಇದೇ ಕಾಯಿಲೆ ಇನ್ನೂ ಜೋರು. ನಡು ಸಣ್ಣಗಿರುವ ಪಿನ್ನು ಅದು. ಉರುಳೆ ಸ್ವಲ್ಪ ಜಾಸ್ತಿಯೇ ತಿರುಗಿ ನಿಂತುಬಿಡುತ್ತದೆ. ಇನ್ನೇನು ಬಂತು ಅಂತ ಎಲ್ಲರೂ ಅಲ್ಲೇ ಒತ್ತುತ್ತಾರೆ. ಅಲ್ಲಿ ಮಾಡಬೇಕಾದದ್ದು ಪೂರ್ತಿ ಉಲ್ಟಾ: ಪಿನ್ ಎತ್ತುತ್ತಾ ಬೆರಳು ಸಡಿಲಿಸಿ, ಉರುಳೆ ಕೊಂಚ ಹಿಂದಕ್ಕೆ ಬರಲು ಬಿಡಬೇಕು.

ಒಬ್ಬರು ಬರುತ್ತಿದ್ದರು, ಕಟ್ಟುಮಸ್ತಾದ ಆಳು. ಮೂರು ಕಡ್ಡಿ ಬಾಗಿಸಿದ್ದರು. ಒಂದು ಸಂಜೆ ಮಗಳ ಫೋನ್ ಬಂತು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಮಾತಾಡುತ್ತಾ, ಕೈ ಸುಮ್ನೆ ಇರದೆ ಬೀಗ ಕೆದಕುತ್ತಿತ್ತು. ಬೀಗ ತಿರುಗಿಬಿಟ್ಟಿತು! ಮನುಷ್ಯ ಬೆಚ್ಚಿ ಬೀಗ ಕೆಳಗೆ ಹಾಕಿದರು. ಮತ್ತೆ ಮಾಡಿ ತೋರಿಸುತ್ತೇನೆ ಅಂತ ಹಲ್ಲುಕಚ್ಚಿ ಕೂತವರಿಗೆ ಅವತ್ತು ರಾತ್ರಿಯವರೆಗೂ ಬರಲಿಲ್ಲ. ಪಾಪ, ಪ್ರಯತ್ನ ಮಾಡಲು ಶುರು ಮಾಡಿದ್ದರು.

ಅರ್ಧ ಗಂಟೆಗೇ ಬೇಸರ ಮಾಡಿಕೊಳ್ಳುವವರಿಗೆ ನಾನು ಹಾಬ್ಸ್ ಅನ್ನುವ ಅಮೆರಿಕದ ಬೀಗ ಪರಿಣತನ ಕಥೆ ಹೇಳುವುದುಂಟು. 1851ರಲ್ಲಿ ಲಂಡನ್ನಿನಲ್ಲಿ ಬ್ರಾಮಾ ಕಂಪನಿಯ ಸವಾಲಿನ ಬೀಗ ತೆರೆಯಲು ಆ ಅಮೆರಿಕನ್ನಿಗೆ 51 ಗಂಟೆ ಹಿಡಿಯಿತು, 16 ದಿನಗಳಲ್ಲಿ ಹರಡಿಕೊಂಡು. ಅದು ಬೇರೆ ಜಾತಿಯ ಬೀಗ, ನಿಮ್ಮದು ಅಷ್ಟು ಸತಾಯಿಸುವುದಿಲ್ಲ.

ನಿಮ್ಮದು ಅಂದೆ. ನಿಮ್ಮದಲ್ಲದ ಬೀಗಕ್ಕೆ ಕೈ ಹಾಕಬೇಡಿ. ಬಾಡಿಗೆ ಮನೆಯ ಬೀಗ ನಿಮ್ಮದಲ್ಲ. ಈ ಸಲಕರಣೆ ಇಟ್ಟುಕೊಳ್ಳುವ ಬಗ್ಗೆ ನಿಮ್ಮಲ್ಲಿನ ಕಾನೂನು ಏನು ಹೇಳುತ್ತದೆ ಅಂತಲೂ ನೋಡಿಕೊಳ್ಳಿ. ನಿಮ್ಮದೇ ಆದರೂ ದಿನಾ ಬಳಸುವ ಬಾಗಿಲ ಬೀಗದ ಮೇಲೆ ಕಲಿಯಬೇಡಿ. ಒಬ್ಬ ಹುಡುಗ ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡಿದ. "ತೆಗೆದುಬಿಟ್ಟೆ ಸರ್!" ಅಂದ. ಒಳ್ಳೆಯದಾಯಿತಲ್ಲಪ್ಪ ಅಂದೆ. "ಈಗ ಬೀಗದ ಕೈ ಒಳಗೆ ಹೋಗ್ತಾ ಇಲ್ಲ" ಅಂದ. ಉರುಳೆಯನ್ನು ಅರ್ಧ ಸುತ್ತು ತಿರುಗಿಸಿ ತಲೆಕೆಳಗು ಮಾಡಿದ್ದ. ಮೇಲಿನ ಪಿನ್ನುಗಳು ಕೀಲಿ ಹೋಗುವ ಸಂದಿಗೇ ಇಳಿದು ಕೂತಿದ್ದವು. ಬೈಯುತ್ತಲೇ ಹೋಗಿ ಸರಿ ಮಾಡಿ ಬಂದೆ.

ಬೇರೆಯದೇ ಒಂದು ಬೀಗ ಕೊಂಡು, ತಿರುಪು ತಿರುಗಿಸಿ ಬಿಗಿದು ಹಿಡಿಯುವ ವೈಸ್‌ಗೆ ಸಿಕ್ಕಿಸಿ ಕಲಿಯಿರಿ. ಆ ವೈಸನ್ನೂ ಹಗುರವಾಗಿಯೇ ತಿರುಗಿಸಿ.