ಬೆಲೆ ಕಟ್ಟುವವರು ಎರಡನೆಯವರು

"ಮೇಡಂ, ಇನ್ನೂರಾ ಹನ್ನೆರಡ ಐಟಂ ಮಾರೇನ್ರಿ. ರೊಕ್ಕ ಎಲ್ಲಿ ಹೋತು?"

ಹುಬ್ಬಳ್ಳಿಯ ನನ್ನ ಆಫೀಸಿಗೆ ಕಳೆದ ವರ್ಷ ಬಂದ ಹುಡುಗ ಕೇಳಿದ ಪ್ರಶ್ನೆ ಇದು. ಗುಜರಿ ಅಂಗಡಿಗಳಲ್ಲಿ, ಹಳೇ ಆಲ್ಬಮ್‌ಗಳಲ್ಲಿ ಸಿಗುವ ಶಿವಕಾಶಿಯ ಬೆಂಕಿಪೊಟ್ಟಣದ ಲೇಬಲ್‌ಗಳನ್ನು ತಂದು, ಇಬೇ ಎಂಬ ಆನ್‌ಲೈನ್ ಮಾರಾಟದ ತಾಣದಲ್ಲಿ ಒಂದೊಂದಾಗಿ ಹರಾಜಿಗಿಟ್ಟು ಹೊರದೇಶದ ಸಂಗ್ರಾಹಕರಿಗೆ ಮಾರುತ್ತಿದ್ದ. ಇಬೇಯ ಭಾರತದ ತಾಣ 2018ರ ಆಗಸ್ಟ್‌ನಲ್ಲೇ ಮುಚ್ಚಿದೆ. ಇಲ್ಲಿಂದ ಹೊರಗೆ ಮಾರುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಪ್ರತಿ ಲೇಬಲ್‌ನ ಹರಾಜೂ 99 ಸೆಂಟ್‌ನಿಂದ ಶುರು. ಕಡಿಮೆಯಿಂದ ಶುರು ಮಾಡಿದರೆ ಜನ ಮುಗಿಬಿದ್ದು ಏರಿಸುತ್ತಾರೆ ಎಂದು ಯಾರೋ ಹೇಳಿದ್ದರಂತೆ.

ಅವನ ನೋಟ್‌ಬುಕ್ ತೆಗೆದು ಒಂದು ಮಾರಾಟವನ್ನು ಬಿಡಿಸಿ ಬರೆದೆವು. ಲೇಬಲ್ 99 ಸೆಂಟ್‌ಗೇ ಹೋಗಿತ್ತು. ಅಂಚೆಗೆಂದು ಗ್ರಾಹಕ ಕೊಟ್ಟದ್ದು ಐದೂವರೆ ಡಾಲರ್. ಒಟ್ಟು 6.49. ತಾಣದ ಶುಲ್ಕದಲ್ಲಿ ಎರಡು ಭಾಗ: ಒಂದು ಶೇಕಡಾವಾರು, ಇನ್ನೊಂದು ಪ್ರತಿ ಆರ್ಡರ್‌ಗೂ ಬೀಳುವ ನಿಗದಿ ಮೊತ್ತ. ದರ ಬದಲಾಗುತ್ತಿರುತ್ತದೆ, ಲೆಕ್ಕಕ್ಕೆ ಶೇ 13 ಮತ್ತು 30 ಸೆಂಟ್ ಎಂದಿಟ್ಟುಕೊಳ್ಳಿ. ಇಲ್ಲಿ ಹೆಚ್ಚಿನವರು ಮುಗ್ಗರಿಸುವ ಜಾಗವೊಂದಿದೆ. ಶೇಕಡಾವಾರು ಕಡಿತ ಲೇಬಲ್‌ನ ಬೆಲೆಯ ಮೇಲೆ ಮಾತ್ರ ಅಲ್ಲ, ಅಂಚೆಯ ಹಣದ ಮೇಲೂ ಬೀಳುತ್ತದೆ. ಹಾಗಾಗಿ 99 ಸೆಂಟ್‌ನ ಮಾಲಿಗೆ 1.14 ಡಾಲರ್ ಶುಲ್ಕವೇ ಹೋಯಿತು! ಡಾಲರನ್ನು ರೂಪಾಯಿ ಮಾಡುವಾಗ ಇನ್ನೊಂದು ಶೇ 3 ಹೋಗಿ, 85ರ ದರದಲ್ಲಿ ಕೈಗೆ ಬಂದದ್ದು 441 ರೂಪಾಯಿ. ಅಂಚೆ, ಲಕೋಟೆ, ಮಡಚದಂತೆ ಇಡುವ ರಟ್ಟು ಸೇರಿ 415. ಲೇಬಲ್‌ನ ಖರೀದಿ 3 ರೂಪಾಯಿ. ಉಳಿದದ್ದು 23.

ಇಪ್ಪತ್ಮೂರು ರೂಪಾಯಿಯೂ ಲಾಭವೇ ಅಲ್ಲವೇ ಅನ್ನಬಹುದು. ಆದರೆ ಆ ವರ್ಷ ಏಳು ಪ್ಯಾಕೆಟ್ ತಲುಪದೆ ಹಣ ವಾಪಸ್ ಕೊಡಬೇಕಾಗಿತ್ತು. ಒಂದು ಪ್ಯಾಕೆಟ್ ಹೋದರೆ ಕನಿಷ್ಠ 418 ರೂಪಾಯಿ ಕೈಬಿಡುತ್ತದೆ, ಅಂದರೆ ಹದಿನೆಂಟು ಮಾರಾಟದ ಲಾಭ. ಏಳಕ್ಕೆ ಗುಣಿಸಿ ಕಳೆದಾಗ ವರ್ಷದ ಕೊನೆಗೆ ಉಳಿದದ್ದು ಎರಡು ಸಾವಿರವೂ ಇಲ್ಲ. ಫೋಟೊ ತೆಗೆದು, ವಿವರ ಬರೆದು, ಪ್ಯಾಕ್ ಮಾಡಿ, ಅಂಚೆ ಕಚೇರಿಯ ಸಾಲಿನಲ್ಲಿ ನಿಂತದ್ದಕ್ಕೆ ಒಂದಕ್ಕೆ ಅರ್ಧ ಗಂಟೆ ಹಿಡಿದರೂ ನೂರಕ್ಕೂ ಹೆಚ್ಚು ತಾಸಿನ ದುಡಿಮೆ. ಆ ಹುಡುಗನ ಮುಖ ಸಣ್ಣದಾದದ್ದು ನೋಡಿ ನನಗೂ ಸಂಕಟವಾಯಿತು. ಅವನು ಸೋಮಾರಿಯಲ್ಲ, ಮೋಸಗಾರನಲ್ಲ. ಹರಾಜು ಹೇಗೆ ನಡೆಯುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ನಾನು ಶಿರಸಿಯವಳು. ಅಡಿಕೆ ಟೆಂಡರ್ ನೋಡುತ್ತಲೇ ಬೆಳೆದವಳು. ಅಲ್ಲಿ ವ್ಯಾಪಾರಿ ರಾಶಿ ನೋಡಿ ತನ್ನ ದರ ಬರೆಯುತ್ತಾನೆ. ಯಾರದು ಹೆಚ್ಚೋ ಮಾಲು ಅವನದು, ಬರೆದಷ್ಟೂ ಕೊಡಬೇಕು. ಇಬೇಯ ಹರಾಜು ಹಾಗಲ್ಲ. ಗ್ರಾಹಕ ತಾನು ಕೊಡಬಲ್ಲ ಗರಿಷ್ಠ ಬೆಲೆಯನ್ನು ಗುಟ್ಟಾಗಿ ಹಾಕುತ್ತಾನೆ, ಯಂತ್ರ ಅವನ ಪರವಾಗಿ ಬೇಕಾದಷ್ಟೇ ಏರಿಸುತ್ತದೆ. ಒಬ್ಬ 20 ಡಾಲರ್ ಹಾಕಿದ್ದಾನೆ, ಇನ್ನೊಬ್ಬ 6 ಹಾಕಿದ್ದಾನೆ ಅನ್ನಿ. ಮೊದಲನೆಯವನಿಗೆ ಮಾಲು 6.50ಕ್ಕೆ ಸಿಗುತ್ತದೆ, ಎರಡನೆಯವನ ಬೆಲೆಯ ಮೇಲೆ ಒಂದೇ ಮೆಟ್ಟಿಲು. ಆ ಎರಡನೆಯವನು ಬಾರದೇ ಹೋಗಿದ್ದರೆ? 20 ಡಾಲರ್ ಕೊಡಲು ಸಿದ್ಧನಿದ್ದವನೂ 99 ಸೆಂಟ್‌ಗೇ ಒಯ್ಯುತ್ತಿದ್ದ. ಇಂಥ ಹರಾಜಿನ ಗಣಿತವನ್ನು ವಿಲಿಯಂ ವಿಕ್ರಿ 1961ರಲ್ಲಿ ಬರೆದರು, 1996ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅಂಚೆಚೀಟಿ ವ್ಯಾಪಾರಿಗಳು ಅದಕ್ಕೂ ಎಷ್ಟೋ ಮೊದಲೇ, ಹತ್ತೊಂಬತ್ತನೇ ಶತಮಾನದ ಕೊನೆಗೇ, ಟಪಾಲಿನಲ್ಲಿ ಬಂದ ಬಿಡ್‌ಗಳಿಗೆ, ಅಂದರೆ ಗಿರಾಕಿಗಳು ಬರೆದು ಕಳಿಸಿದ ಬೆಲೆಗಳಿಗೆ, ಇದೇ ಪದ್ಧತಿ ಬಳಸುತ್ತಿದ್ದರು.

ಹಾಗಾಗಿ ಅಗ್ಗದ ಮಾಲು ಮಾರುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದಕ್ಕೆ ಎರಡನೆಯ ಗಿರಾಕಿ ಯಾರು?

ಸವಾಲು ಅನ್ನಿ, ಲಿಲಾವು ಅನ್ನಿ, ಕರಾವಳಿಯವರ ಹಾಗೆ ಏಲಂ ಅನ್ನಿ, ಊರಿನ ದೇವಸ್ಥಾನದ ಅಂಗಳದಲ್ಲಿ ಬಾಳೆಗೊನೆ ಕೂಗುವಾಗ ಎದುರಾಳಿ ಕಣ್ಣೆದುರೇ ಇರುತ್ತಾನೆ. ಆನ್‌ಲೈನ್‌ನಲ್ಲಿ ಅವನನ್ನು ನಾವೇ ಕರೆಸಬೇಕು. ಹುಡುಗನ ಲೇಬಲ್‌ಗಳನ್ನೆಲ್ಲ ನನ್ನ ಮೇಜಿನ ಮೇಲೆ ಹರಡಿದೆವು. ಆನೆ, ರೈಲು, ದೀಪ, ಲಕ್ಷ್ಮಿ, ಹುಲಿ. ಅವನು ಇಷ್ಟು ದಿನ ಕಂಪನಿಯ ಹೆಸರಿನ ಪ್ರಕಾರ ಜೋಡಿಸಿದ್ದ. ಚಿತ್ರದ ಪ್ರಕಾರ ಜೋಡಿಸು ಅಂದೆ. ನಲವತ್ತು ಆನೆ ಸೇರಿ ಒಟ್ಟಿಗೆ ಮಾರುವ ಒಂದು ಲಾಟ್, ಶೀರ್ಷಿಕೆಯ ಮೊದಲ ಪದವೇ ಆನೆ. ಈಗ ಅದನ್ನು ಬೆಂಕಿಪೊಟ್ಟಣ ಸಂಗ್ರಹಿಸುವವರೂ ನೋಡುತ್ತಾರೆ, ಆನೆಯದ್ದು ಏನಿದ್ದರೂ ಸಂಗ್ರಹಿಸುವವರೂ ನೋಡುತ್ತಾರೆ. ಪರಿಚಯವೇ ಇಲ್ಲದ ಎರಡು ಗುಂಪು ಒಂದೇ ಲಾಟ್‌ಗೆ ಎದುರುಬದುರು.

ಮೊದಲ ಆನೆ ಲಾಟ್ ಹನ್ನೊಂದೂವರೆ ಡಾಲರ್‌ಗೆ ಹೋಯಿತು. ಅಂಚೆಯೂ ಅಷ್ಟೇ, ಲಕೋಟೆಯೂ ಅದೇ, ಸಾಲಿನಲ್ಲಿ ನಿಂತದ್ದೂ ಒಂದೇ ಸಲ. ಎಲ್ಲ ಕಳೆದು 660 ರೂಪಾಯಿ ಉಳಿಯಿತು.

ಆರಂಭದ ಬೆಲೆಯ ವಿಷಯದಲ್ಲಿ ನಾನು ಯಾರ ಮಾತಿಗೂ ಬಗ್ಗುವುದಿಲ್ಲ. ಒಬ್ಬನೇ ಬಂದು ಆ ಬೆಲೆಗೇ ಒಯ್ದರೂ ಕೈ ಸುಡದ ಬೆಲೆಯಾಗಿರಬೇಕು. ಈ ಆನೆ ಲಾಟ್‌ಗೆ ನಾವು ಹಿಂದಿನಿಂದ ಲೆಕ್ಕ ಹಾಕಿದೆವು: ಅಂಚೆ-ಪ್ಯಾಕಿಂಗ್ 415, ಖರೀದಿ 120, ಅವನ ಕೂಲಿ 100. ಇಷ್ಟು ಕೈಗೆ ಬರಬೇಕಾದರೆ ಆರಂಭದ ಬೆಲೆ 3.70 ಡಾಲರ್‌ಗಿಂತ ಕೆಳಗಿರುವಂತಿಲ್ಲ. 3.99 ಇಟ್ಟೆವು. 99 ಸೆಂಟ್‌ನ ಆಟ ನಡೆಯುವುದು ಹತ್ತು ಜನ ಕಾದು ಕೂತಿರುವ ಮಾಲಿಗೆ. ಒಂದೇ ನಮೂನೆಯ ಮಾಲು ನಿಮ್ಮ ಹತ್ತಿರ ನೂರಿದ್ದರೆ ಹರಾಜೇ ಬೇಡ, ನಿಗದಿ ಬೆಲೆಗೆ ಇಟ್ಟುಬಿಡಿ.

ಹರಾಜು ಮುಗಿಯುವ ಹೊತ್ತನ್ನೂ ನೋಡಿಕೊಳ್ಳಿ. ಏಳು ದಿನದ ಹರಾಜು ಶುರುವಾದ ಗಳಿಗೆಗೇ ಮುಗಿಯುತ್ತದೆ. ನಮ್ಮ ಹುಡುಗ ಬೆಳಿಗ್ಗೆ ಚಹಾ ಕುಡಿದು ಹತ್ತಕ್ಕೆ ಹಾಕುತ್ತಿದ್ದ. ಆಗ ಜರ್ಮನಿಯಲ್ಲಿ ನಸುಕು, ಎಲ್ಲರೂ ನಿದ್ದೆಯಲ್ಲಿ. ಅಲ್ಲಿಯ ಚಳಿಗಾಲದ ಭಾನುವಾರ ರಾತ್ರಿ ಎಂಟು ಅಂದರೆ ನಮಗೆ ನಡುರಾತ್ರಿ ಹನ್ನೆರಡೂವರೆ. ಬಿಡ್ ಬೀಳುವುದು ಹೆಚ್ಚಾಗಿ ಕೊನೆಯ ನಿಮಿಷಗಳಲ್ಲಿ, ಹಾಗಾಗಿ ಗಿರಾಕಿ ಎಚ್ಚರವಿರುವ ಹೊತ್ತಿಗೇ ಹರಾಜು ಮುಗಿಯಬೇಕು.

ಗೆಳೆಯನ ಕೈಯಲ್ಲಿ ಬಿಡ್ ಹಾಕಿಸಿ ಬೆಲೆ ಏರಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಅದು ಖರೀದಿದಾರನಿಗೆ ಮಾಡುವ ಮೋಸ, ತಾಣದ ನಿಯಮಕ್ಕೂ ವಿರುದ್ಧ, ಸಿಕ್ಕಿಬಿದ್ದರೆ ಖಾತೆಯೇ ಹೋಗುತ್ತದೆ. ಅಂಥ ಲೆಕ್ಕವನ್ನು ನಾನು ಬರೆಯುವುದಿಲ್ಲ.

ಕಾಗದಪತ್ರದ ಮಾತು ಚುಟುಕಾಗಿ. ಹೊರದೇಶಕ್ಕೆ ಮಾರಲು ಆಮದು-ರಫ್ತು ಸಂಕೇತ, ಅಂದರೆ ಐಇಸಿ ಬೇಕು. ರಫ್ತಿಗೆ ಜಿಎಸ್‌ಟಿ ದರ ಸೊನ್ನೆ ಅಂದಾಕ್ಷಣ ನೋಂದಣಿಯೂ ಬೇಡ ಅಂದುಕೊಳ್ಳಬೇಡಿ, ಮಾರಾಟ ಶುರುವಾಗುವ ಮೊದಲೇ ನಿಮ್ಮ ಲೆಕ್ಕಿಗರ ಜತೆ ಕೂತು ಕೇಳಿಕೊಳ್ಳಿ. ಅಮೆರಿಕ 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ತೆಗೆದಿದೆ, ಹಾಗಾಗಿ ಅಲ್ಲಿಗೆ ಕಳಿಸುವ ಲೆಕ್ಕ ಬೇರೆಯೇ ಹಾಕಬೇಕು.

ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ. ಆ ಹುಡುಗ ಎರಡನೇ ಸಲ ಬಂದಾಗ ಅಜ್ಜಿಯ ಗಂಟಿನಿಂದ 1912ರ ಬೆಳ್ಳಿ ರೂಪಾಯಿ ತಂದಿದ್ದ, "ಇದನ್ನೂ ಹಾಕ್ಲಿ ಏನ್ರಿ?" ಅಂತ. ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ, 1972ರ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತೆಯೇ ಇಲ್ಲ. ಎಷ್ಟೋ ಜನ ತಿಳಿಯದೆ ಲಕೋಟೆಯಲ್ಲಿಟ್ಟು ಕಳಿಸಲು ಹೊರಡುತ್ತಾರೆ. ಅವನು ರೂಪಾಯಿಯನ್ನು ಕರವಸ್ತ್ರದಲ್ಲಿ ಸುತ್ತಿ ಮತ್ತೆ ಜೇಬಿಗಿಟ್ಟುಕೊಂಡ.

ಈ ಏಪ್ರಿಲ್‌ನಲ್ಲಿ ಮತ್ತೆ ಬಂದಿದ್ದ. ನೋಟ್‌ಬುಕ್‌ನಲ್ಲಿ ಹೊಸ ಕಾಲಂ ಒಂದನ್ನು ತಾನೇ ಗೆರೆ ಎಳೆದು ಸೇರಿಸಿಕೊಂಡಿದ್ದಾನೆ: ಬಿಡ್ ಹಾಕಿದವರು ಎಷ್ಟು ಜನ. ಆನೆಯ ಮುಂದೆ ನಾಲ್ಕು, ಐದು, ಮೂರು. ರೈಲಿನ ಮುಂದೆ ಎರಡು, ಆರು. ದೀಪದ ಲಾಟ್‌ಗಳ ಮುಂದೆ ಮಾತ್ರ ಉದ್ದಕ್ಕೂ ಒಂದು, ಒಂದು, ಒಂದು. ದೀಪಗಳನ್ನೆಲ್ಲ ಹರಾಜಿನಿಂದ ತೆಗೆದು ನಿಗದಿ ಬೆಲೆಗೆ ಹಾಕುತ್ತೇನೆ ಎಂದು ನಾನು ಹೇಳುವ ಮೊದಲೇ ಹೇಳಿದ.