ನಾಮನಿರ್ದೇಶನ ಆದರೆ ಆಯ್ಕೆ ಆದ ಹಾಗಲ್ಲ

‘ಹಿಟ್ಲರನನ್ನೇ ನಾಮನಿರ್ದೇಶನ ಮಾಡಿದ ನೊಬೆಲ್ ಸಮಿತಿ, ಅವರ ಶಾಂತಿ ಪ್ರಶಸ್ತಿಗೆ ಏನು ಬೆಲೆ?’ ಈ ವಾರ ಇದನ್ನು ಮತ್ತೆ ಓದಿದೆ. ಸಮಿತಿ ಹಾಗೆ ಮಾಡಿರಲೇ ಇಲ್ಲ. 1939ರಲ್ಲಿ ಸ್ವೀಡನ್ನಿನ ಒಬ್ಬ ಸಂಸದ ಆ ಹೆಸರು ಬರೆದು ಕಳಿಸಿದ್ದು. ಆಗಿನ ಬ್ರಿಟನ್ ಪ್ರಧಾನಿ ಚೇಂಬರ್ಲೇನ್ ಹೆಸರು ಸೂಚಿಸಿದ್ದ ಬೇರೆ ಸಂಸದರನ್ನು ಚುಚ್ಚುವುದಕ್ಕೆ ಹಾಗೆ ಮಾಡಿದರು, ಆಮೇಲೆ ತಾವೇ ವಾಪಸ್ ತೆಗೆದುಕೊಂಡರು.

ಗೊಂದಲದ ಬೇರು ಪದದಲ್ಲೇ ಇದೆ. ‘ನಿರ್ದೇಶನ’ದ ಧಾತು ‘ದಿಶ್’, ಅಂದರೆ ತೋರಿಸು. ದಿಕ್ಕು, ದೇಶ, ಉಪದೇಶ ಎಲ್ಲ ಅದೇ ಬಳ್ಳಿಯವು. ಹೆಸರನ್ನು ತೋರಿಸುವುದು ನಾಮನಿರ್ದೇಶನ, ಅಷ್ಟೇ. ಆದರೆ ಕನ್ನಡದಲ್ಲಿ ನಿರ್ದೇಶನಕ್ಕೆ ಅಧಿಕಾರದ ದನಿ ಬಂದುಬಿಟ್ಟಿದೆ. ಹೈಕೋರ್ಟ್ ನಿರ್ದೇಶನ ಕೊಟ್ಟರೆ ಪಾಲಿಸಲೇಬೇಕು, ಅಲ್ವಾ? ಸಾಲದ್ದಕ್ಕೆ, ನಮ್ಮ ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ 11 ಮಂದಿಯನ್ನು ರಾಜ್ಯಪಾಲರು ನಾಮನಿರ್ದೇಶನ ಮಾಡುತ್ತಾರೆ. ಅಲ್ಲಿ ನಾಮನಿರ್ದೇಶನ ಆಯಿತು ಅಂದರೆ ಕುರ್ಚಿಯೇ ಸಿಕ್ಕಿತು. ಅದೇ ಅರ್ಥವನ್ನು ಶಾಂತಿ ಪ್ರಶಸ್ತಿಯ ಸಮಿತಿ ಇರುವ ಓಸ್ಲೋವರೆಗೂ ಹೊತ್ತುಕೊಂಡು ಹೋಗುತ್ತೇವೆ.

ಓಸ್ಲೋಗೆ ಯಾವುದೇ ದೇಶದ ಸಂಸದರು, ಸಚಿವರು, ಇತಿಹಾಸ ಅಥವಾ ಕಾನೂನು ಕಲಿಸುವ ಪ್ರೊಫೆಸರ್‌ಗಳು, ಹಿಂದೆ ಈ ಪ್ರಶಸ್ತಿ ಪಡೆದವರು ಹೆಸರು ಕಳಿಸಬಹುದು. ಜನವರಿ 31 ಕೊನೆಯ ದಿನ. 2025ರಲ್ಲಿ 338 ಹೆಸರುಗಳು ಬಂದಿದ್ದವು. ಸ್ಟಾಲಿನ್ ಹೆಸರನ್ನು ಎರಡು ಸಲ ಕಳಿಸಿದವರಿದ್ದಾರೆ. ನಾಮನಿರ್ದೇಶನವನ್ನು ದೊಡ್ಡ ಗೌರವ ಅಂತ ತಲೆಬರಹ ಹಾಕುವುದೂ ತಪ್ಪು, ಸಮಿತಿಗೆ ಕಳಂಕ ಅನ್ನುವುದೂ ತಪ್ಪು. ಸುಮ್ನೆ ‘ಹೆಸರು ಸೂಚಿಸಿದ್ದಾರೆ’ ಅಂತ ಬರೆದರೆ ಸಾಕು. ಯಾರು ಸೂಚಿಸಿದ್ದು ಅನ್ನುವುದನ್ನೂ ಬರೆದರೆ ಇನ್ನೂ ಒಳ್ಳೆಯದು.

ಪ್ರಶ್ನಿಸಬೇಕಾದ್ದು ಆಯ್ಕೆಯನ್ನು. ಅದನ್ನು ಮಾಡುವವರು ನಾರ್ವೆಯ ಸಂಸತ್ತು ನೇಮಿಸುವ ಐದು ಮಂದಿ. 1973ರಲ್ಲಿ ವಿಯೆಟ್ನಾಂ ಯುದ್ಧ ಇನ್ನೂ ನಡೆಯುತ್ತಿರುವಾಗಲೇ ಅಮೆರಿಕದ ವಿದೇಶಾಂಗ ಸಚಿವ ಕಿಸಿಂಜರ್ ಮತ್ತು ಉತ್ತರ ವಿಯೆಟ್ನಾಂ ಪರವಾಗಿ ಸಂಧಾನ ನಡೆಸಿದ ಲೆ ಡಕ್ ಥೋ ಇಬ್ಬರಿಗೂ ಪ್ರಶಸ್ತಿ ಘೋಷಿಸಿದರು. ಥೋ ಬೇಡ ಅಂದರು. ಸಮಿತಿಯ ಇಬ್ಬರು ರಾಜೀನಾಮೆ ಕೊಟ್ಟರು. ಪ್ರಶ್ನೆ ಕೇಳುವುದು ಅಂದರೆ ಹೀಗೆ.

ಗಾಂಧೀಜಿಯ ಹೆಸರು 1937, 1938, 1939, 1947 ಮತ್ತು 1948ರಲ್ಲಿ ಹೋಗಿತ್ತು. ‘ಐದು ಸಲ ನಾಮನಿರ್ದೇಶನ’ ಅಂತ ಹೆಮ್ಮೆಯಿಂದ ಬರೆಯುತ್ತಾರೆ. ನನಗೆ ಅದರಲ್ಲಿ ಹೆಮ್ಮೆ ಕಾಣುವುದಿಲ್ಲ, ನೋವು ಕಾಣುತ್ತದೆ. 1948ರಲ್ಲಿ ಅವರ ಹತ್ಯೆಯಾಗಿತ್ತು. ಬದುಕಿರುವವರಲ್ಲಿ ಅರ್ಹರಿಲ್ಲ ಎಂದು ಸಮಿತಿ ಆ ವರ್ಷ ಪ್ರಶಸ್ತಿಯನ್ನೇ ಕೊಡಲಿಲ್ಲ. ಆಗಿನ ನಿಯಮದಲ್ಲಿ ತೀರಿಕೊಂಡವರಿಗೆ ಕೊಡಲು ದಾರಿ ಇತ್ತು. 1961ರಲ್ಲಿ, ಆಗಷ್ಟೇ ತೀರಿಕೊಂಡಿದ್ದ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಡಾಗ್ ಹ್ಯಾಮರ್‌ಶೋಲ್ಡ್‌ಗೆ ಹಾಗೆಯೇ ಕೊಟ್ಟರು.